ಮೆಂತ್ಯದ ಗಂಜಿ

ಮೊದಲು ಬಂದದ್ದು ಆಕಳಿಕೆ. ಭಾಲ್ಕಿಯ ಬಾಡಿಗೆ ಕೋಣೆಯಲ್ಲಿ, ಮಂಗಳವಾರ ಬೆಳಗಿನ ಎಂಟಕ್ಕೆ. ಒಂದು ತಾಸಿನಲ್ಲಿ ಇಪ್ಪತ್ತಮೂರು ಎಂದು ಡೈರಿಯಲ್ಲಿ ಬರೆದಿದ್ದೇನೆ. ಮಧ್ಯಾಹ್ನ ಮೂಗು, ಕಣ್ಣು ಎರಡೂ ಸೋರತೊಡಗಿದವು. ಸಂಜೆ ಕಾಲಿನ ಎಲುಬಿನೊಳಗೆ ಇರುವೆ ಹರಿದಾಡಿದಂತಾಯಿತು.

ಈ ಸಂಕಟದ ಗುರುತು ನನಗಿತ್ತು. ಆದರೆ ಇದು ಅದಾಗಿರಲು ಸಾಧ್ಯವಿರಲಿಲ್ಲ.

ಅಫೀಮು ಬಿಟ್ಟು ನನಗೆ ನಲವತ್ತಾರು ದಿನವಾಗಿತ್ತು.

ಅದು ಶುರುವಾದದ್ದು ಹಿಂದಿನ ಭಾದ್ರಪದದಲ್ಲಿ, ಪೊಲೀಸ್ ಕಾರ್ಯಾಚರಣೆಯ ವಾರ. ರಜಾಕಾರರ ದಂಡು ಲೂಟಿಗೆ ಬರುತ್ತಿದೆಯೆಂಬ ಸುದ್ದಿಗೆ ಔರಾದ ಹತ್ತಿರದ ನಮ್ಮ ಊರೆಲ್ಲ ಜೋಳದ ಹೊಲಗಳಿಗೆ ಓಡಿತು. ಕುರಿಹಟ್ಟಿಯ ಗೋಡೆ ಹಾರುವಾಗ ನನ್ನ ಎಡಗಾಲು ಮುರಿಯಿತು. ನಾನು ಚೀರಿದರೆ ಅಡಗಿದ್ದ ಹದಿನಾಲ್ಕು ಜನ ಸಿಕ್ಕಿಬೀಳುತ್ತಿದ್ದರು. ಅವ್ವ ಎಲ್ಲಿಂದಲೋ ಸಾಸಿವೆಗಿಂತ ತುಸು ದೊಡ್ಡದಾದ ಕರಿ ಗುಳಿಗೆಯೊಂದನ್ನು ತೆಗೆದು ನನ್ನ ನಾಲಗೆಯ ಮೇಲಿಟ್ಟಳು. ನೋವು ಇನ್ಯಾರದ್ದೋ ಆಯಿತು. ನಾಲ್ಕು ದಿನ ಹಾಗೆ ಕಳೆದೆವು. ಆ ಉಪಕಾರವನ್ನು ಇಲ್ಲವೆನ್ನಲಾರೆ.

ಎಲುಬು ಕೂಡಿತು. ಗುಳಿಗೆ ನಿಲ್ಲಲಿಲ್ಲ. ದೀಪಾವಳಿಗೆ ದಿನಕ್ಕೆ ಎರಡು, ಸಂಕ್ರಾಂತಿಗೆ ನಾಲ್ಕು. ಒಂದು ದಿನ ಅವ್ವನ ಕೈ ತಿರುವಿ ಗುಳಿಗೆ ಕಸಿದುಕೊಂಡೆ. ಅವಳು ಮಣಿಕಟ್ಟು ಹಿಡಿದು ಕುಳಿತದ್ದನ್ನು ನೋಡಿ, ಅಂದೇ ಬಿಡುವುದೆಂದು ನಿಶ್ಚಯಿಸಿದೆ.

ಐದು ದಿನ ವಾಂತಿ, ಭೇದಿ, ನಡುಕ. ಆರನೆಯ ಬೆಳಿಗ್ಗೆ ಅವ್ವ ಮೆಂತ್ಯದ ಗಂಜಿ ತಂದಳು.

“ಎಲುಬಿಗೆ ಛಲೋ. ಕಹಿ ಅದ, ಮೂಗು ಹಿಡದು ಕುಡಿ.”

ಆ ಮಧ್ಯಾಹ್ನ ನಿದ್ದೆ ಬಂತು. ಮರುದಿನ ರೊಟ್ಟಿ ಸೇರಿತು. ಗೆದ್ದೆನೆಂದುಕೊಂಡೆ. ಗಂಜಿ ದಿನವೂ ಬಂತು. ಡೈರಿಯ ಅಂಚಿನಲ್ಲಿ ದಿನಕ್ಕೊಂದು ಗೆರೆ ಎಳೆದೆ. ನಿಂತಿದ್ದ ಓದು ಮುಂದುವರಿಸಲು ಭಾಲ್ಕಿಗೆ ಹೋದ ಎರಡನೆಯ ದಿನವೇ ಈ ಆಕಳಿಕೆ.

ಕೋಣೆಯ ಜೊತೆಗಾರ ರೈಲಿನಲ್ಲಿ ಬೀದರಕ್ಕೆ ಕರೆದೊಯ್ದು ದವಾಖಾನೆಯ ವಾರ್ಡಿಗೆ ಸೇರಿಸಿದ. ಡಾಕ್ಟರ್ ಟಾರ್ಚ್ ಹಿಡಿದು ಕಣ್ಣು ನೋಡಿದರು.

“ಅಫೀಮು ಎಷ್ಟು ತಗೋತಿದ್ರಿ?”

“ಬಿಟ್ಟೀನ್ರೀ.” ಡೈರಿ ತೋರಿಸಿದೆ.

ಅವರು ಗೆರೆಗಳ ಮೇಲೆ ಬೆರಳಾಡಿಸಿದರು. “ಲೆಕ್ಕ ಛಂದ ಅದ. ಆದ್ರ ನಿಮ್ಮ ಮೈ ಬ್ಯಾರೇ ಹೇಳ್ತದ. ಬಿಟ್ಟು ಎರಡು ಮೂರು ದಿನ ಆಗ್ಯದ, ಅಷ್ಟೇ. ಮನ್ಯಾಗ ದಿನಾ ಏನು ಕುಡೀತಿದ್ರಿ?”

“ಮೆಂತ್ಯದ ಗಂಜಿ,” ಅಂದೆ.

ಮೂರನೆಯ ದಿನ ಅವ್ವ ಬಂದಳು. ಕೇಳಿದೆ. ಅವಳು ಸುಳ್ಳಾಡಲಿಲ್ಲ.

“ಒಂದ ಗುಳಿಗಿ ಹಾಕ್ತಿದ್ದೆ. ನಾಕು ತಿನ್ನಾಂವ ಒಂದಕ್ಕ ಬಂದಿ ಇಲ್ಲೋ?”

“ನಲವತ್ತು ದಿನ ನನ್ನ ಹುಚ್ಚ ಮಾಡಿದಿ ಅವ್ವಾ.”

“ಐದು ದಿನ ನೀ ಸಾಯೂದು ನೋಡ್ದೆ. ಆರನೇದು ನೋಡೂದಾಗಲಿಲ್ಲ. ನಿನ್ನ ಆ ಪುಸ್ತಕ ನಿನ್ನ ವಾಂತಿ ಬಳೀತಿತ್ತೇನು?”

“ಭಾಲ್ಕಿಗೆ ಹೊಂಟಾಗರೆ ಯಾಕ ಹೇಳಲಿಲ್ಲ?”

“ಗೆರಿ ತೋರಿಸಿ ನಗ್ತಿದ್ದಿ. ಬಾಯಿ ಬರಲಿಲ್ಲ.” ಮತ್ತೆ ಅಂದಳು: “ಹೊಸಾದೇನೋ ಇದು? ಕಳೆ ತೆಗಿಲಿಕ್ಕ ಹೋಗೂ ಮುಂದ ತೊಟ್ಟಿಲದಾಗ ನಿನಗ ಇದನ್ನ ನೆಕ್ಕಿಸಿ ಹೋಗ್ತಿದ್ದೆ. ಎಲ್ಲಾರೂ ಕೊಡ್ತಾರ. ಈಗ ನಿಮ್ಮ ಅಕ್ಕನ ಕೂಸಿಗೂ ಕೊಡ್ತೀವಿ. ಕೂಸು ಮಲಗ್ತದ, ಹೊಲದ ಕೆಲಸ ಆಗ್ತದ.”

ಜೋಳದ ಹೊಲದಲ್ಲಿ ಗುಳಿಗೆ ಅವಳ ಬಳಿ ಏಕಿತ್ತೆಂದು ಆಗ ತಿಳಿಯಿತು. ನಿಮ್ಮ ಮೈ ನಿಮಗಿಂತ ಮೊದಲೇ ಅದನ್ನು ಬಲ್ಲದು; ಮತ್ತೆ ಮತ್ತೆ ಕರೆಯುತ್ತದೆ, ಹುಷಾರಾಗಿರಿ ಎಂದರು ಡಾಕ್ಟರ್. ಗೆರೆ ಎಳೆಯುವಾಗ ನಾನು ಸುಳ್ಳು ಬರೆದಿರಲಿಲ್ಲ. ಆದರೂ ಬರೆದದ್ದೆಲ್ಲ ಸುಳ್ಳಾಗಿತ್ತು. ಶತ್ರು ಮೋಸ ಮಾಡಿದ್ದರೆ ಬೈಯಬಹುದಿತ್ತು. ಹಸಿದಾಗ ಉಣಿಸಿದ ಕೈಗೆ ಏನೆನ್ನಲಿ?

ಹತ್ತೊಂಬತ್ತು ದಿನ ವಾರ್ಡಿನಲ್ಲಿದ್ದೆ. ಊರಿಗೆ ಬಂದ ಮೇಲೂ ಅವ್ವ ಕೊಟ್ಟ ಲೋಟವನ್ನು ಮೂಸಿಯೇ ಕುಡಿಯುತ್ತೇನೆ. ಅವಳು ನೋಡುತ್ತಾಳೆ.

ಆಷಾಢದಲ್ಲಿ ಕಳೆ ತೆಗೆಯುವ ಕೆಲಸ ಬಂತು. ಕೂಸಿನ ಗುಳಿಗೆಯನ್ನು, ಡಾಕ್ಟರ್ ಹೇಳಿದ್ದಂತೆ, ಎಂಟು ದಿನ ಅರ್ಧ, ಎಂಟು ದಿನ ಕಾಲು ಮಾಡಿಸಿದೆ. ಮೊನ್ನೆ ಪೂರಾ ನಿಲ್ಲಿಸುವ ದಿನ.

“ಊರು ಕೂಡೂ ಹಂಗ ಅಳ್ತದ. ನಿನಗಾಗೂದಿಲ್ಲ ತಮ್ಮಾ,” ಅಂದಳು ಅಕ್ಕ.

“ಅಳ್ಲಿ. ನನ್ನ ಹತ್ರ ಬಿಟ್ಟು ಹೋಗು.”

ಅತ್ತಿತು. ಕಾಲು ಝಾಡಿಸಿತು, ಹಾಲು ಉಗುಳಿತು. ಮನೆಯಲ್ಲೊಂದು ಗುಳಿಗೆ ಇದ್ದಿದ್ದರೆ ಕೂಸಿಗೆ ಕೊಡುತ್ತಿದ್ದೆನೋ ನಾನೇ ನುಂಗುತ್ತಿದ್ದೆನೋ, ಹೇಳಲಾರೆ.

ಮಧ್ಯಾಹ್ನ ಅವ್ವ ಒಬ್ಬಳೇ ಹೊಲದಿಂದ ಮರಳಿದಳು. “ಕೊಡು ಇಲ್ಲಿ.”

ನಾನು ಕೂಸನ್ನು ಎದೆಗೊತ್ತಿ ಹಿಡಿದೆ. ಅವಳಿಗೆ ಅರ್ಥವಾಯಿತು. ಮಣ್ಣಾದ ಎರಡೂ ಅಂಗೈಗಳನ್ನು ಬಿಚ್ಚಿ ತೋರಿಸಿದಳು. ಉಗುರಿನ ಸಂದುಗಳನ್ನೂ ನೋಡಿದೆ.

ಆಮೇಲೆ ಕೊಟ್ಟೆ.

ಅವಳ ಹೆಗಲ ಮೇಲೂ ಅದು ಅತ್ತಿತು. ಅವಳು ದಣಿದಾಗ ನಾನು, ನಾನು ದಣಿದಾಗ ಅವಳು, ಹೊತ್ತು ಇಳಿಯುವ ತನಕ ಅಂಗಳದಲ್ಲಿ ಎತ್ತಿಕೊಂಡು ತಿರುಗಿದೆವು.