ಇಸ್ತ್ರಿ ಪೆಟ್ಟಿಗೆ ಆರುವಷ್ಟು ಹೊತ್ತು

ಒದ್ದೆ ಹತ್ತಿಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಓಡಿದಾಗ ಏಳುವ ವಾಸನೆ ನಿಮಗೂ ಗೊತ್ತಿರುತ್ತದೆ. ಮಣ್ಣಿನ ವಾಸನೆಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ಈ ಪಾಪದ ವಾಸನೆಯನ್ನು ಯಾರೂ ಕೇಳಿದಂತಿಲ್ಲ. ಕಳೆದ ಮಂಗಳವಾರ ಗಿರಿನಗರದ ನಮ್ಮ ರಸ್ತೆಯ ಮೂಲೆಯಲ್ಲಿರುವ ಇಸ್ತ್ರಿ ಅಂಗಡಿಯ ಮುಂದೆ, ಕಂಕುಳಲ್ಲಿ ಬಟ್ಟೆಯ ಗಂಟು, ಸೊಂಟದ ಮೇಲೆ ಮೊಮ್ಮಗಳು ಚಾರ್ವಿ, ಹೀಗೆ ನಿಂತಿದ್ದೆ. ಅಂಗಡಿಯವನದು ಗ್ಯಾಸಿನ ಪೆಟ್ಟಿಗೆ. ಇದ್ದಿಲಿನದು ಈಗ ಕಾಣುವುದೇ ಅಪರೂಪ. ಆದರೂ ಅವನು ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದ್ದೇ ತಡ, ಆ ವಾಸನೆ ಎದ್ದು ನನಗೆ ಅರವತ್ತು ದಾಟಿದೆ ಎಂಬುದೇ ಮರೆತುಹೋಯಿತು.

“ಸಂಜೆ ಬನ್ನಿ ಆಂಟಿ,” ಎಂದ ಅವನು, ಮಗುವಿನ ಕಡೆ ತಿರುಗಿ, “ಏನ್ ಪುಟ್ಟಿ, ನಿನ್ ಹೆಸರೇನು?” ಎಂದು ಕೇಳಿದ.

“ಚಾರ್ವಿ ಅಂತ. ಎರಡೂವರೆ ವರ್ಷ. ಸ್ವಲ್ಪ ನಾಚಿಕೆ,” ಎಂದೆ ನಾನು.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಕೇಳಿದ್ದು ನನ್ನನ್ನಲ್ಲ. ಮೂರು ದಿನದ ಹಿಂದೆಯಷ್ಟೇ ಜಯನಗರದ ಮಕ್ಕಳ ಡಾಕ್ಟರು ಇದನ್ನೇ ಮಾಡಬೇಡಿ ಎಂದು ಹೇಳಿ ಕಳಿಸಿದ್ದರು.

ನಾಚಿಕೆ ಎಂಬುದೂ ಸುಳ್ಳೇ. ಚಾರ್ವಿಗೆ ಮಾತು ಬಂದಿರಲಿಲ್ಲ. ಅವಳ ವಾರಿಗೆಯ ಮಕ್ಕಳು ಪಾರ್ಕಿನಲ್ಲಿ ಪಟಪಟ ಎನ್ನುತ್ತಿದ್ದರೆ ಇವಳು ಬೆರಳು ತೋರಿಸಿ “ಊಂ” ಎನ್ನುತ್ತಿದ್ದಳು, ಅಷ್ಟೇ. ಮಗನೂ ಸೊಸೆ ಶ್ವೇತಾಳೂ ರಜೆ ಹಾಕಿ ಕಿವಿಯ ಪರೀಕ್ಷೆ ಮಾಡಿಸಿದರು. ಕಿವಿ ಚೆನ್ನಾಗಿತ್ತು. ಆಮೇಲೆ ಡಾಕ್ಟರು, ಇಡೀ ದಿನ ಮಗುವಿನ ಜೊತೆ ಇರುವವರು ಯಾರು ಎಂದು ಕೇಳಿದರು. ನಾನೇ ಎಂದೆ, ಸ್ವಲ್ಪ ಎದೆಯುಬ್ಬಿಸಿಕೊಂಡೇ.

“ಅವಳಿಗೆ ನೀರು ಬೇಕಾದ್ರೆ ಏನ್ ಮಾಡ್ತಾಳೆ?”

“ಅವಳು ಕೇಳೋ ತನಕ ನಾನು ಬಿಡ್ತೀನಾ ಡಾಕ್ಟ್ರೇ? ಮುಖ ನೋಡಿದ್ರೇ ಗೊತ್ತಾಗುತ್ತೆ ನಂಗೆ.”

ಡಾಕ್ಟರು ನಕ್ಕರು. ಆ ನಗು ಶಭಾಸ್‌ಗಿರಿಯದಲ್ಲ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

“ನಿಮ್ಮ ತಪ್ಪು ಅಂತಿಲ್ಲಮ್ಮ. ಮಾತು ತಡ ಆಗೋಕೆ ಎಷ್ಟೋ ಕಾರಣ ಇರುತ್ತೆ, ಎಲ್ಲಾ ನೋಡೋಣ, ಮಾತಿನ ಟ್ರೇನಿಂಗೂ ಶುರು ಮಾಡೋಣ. ಆದ್ರೆ ಈ ವಯಸ್ಸಲ್ಲಿ ಮೆದುಳು ದಾರಿಗಳನ್ನ ಮಾಡ್ಕೊಳ್ತಾ ಇರುತ್ತೆ. ಖಾಲಿ ಸೈಟಲ್ಲಿ ಜನ ಅಡ್ಡ ದಾಟಿ ದಾಟಿ ಒಂದು ಕಾಲ್ದಾರಿ ಬೀಳುತ್ತಲ್ಲ, ಹಾಗೆ. ಓಡಾಡಿದ್ರೆ ಉಳಿಯುತ್ತೆ, ಇಲ್ಲಾಂದ್ರೆ ಹುಲ್ಲು ಬೆಳ್ಕೊಳುತ್ತೆ. ಅವಳು ಒಂದು ಸದ್ದು ಮಾಡಿದ್ರೆ ನೀವು ಒಂದು ಮಾತಾಡಿ. ಆಮೇಲೆ ಸುಮ್ನೆ ಕಾಯಿರಿ.”

“ಎಷ್ಟು ಹೊತ್ತು?”

“ನಿಮಗೆ ಕಷ್ಟ ಅನ್ನಿಸೋ ತನಕ. ಅದರ ಮೇಲೆ ಇನ್ನೊಂದು ಸ್ವಲ್ಪ.”

ಆಟೋದಲ್ಲಿ ಬರುವಾಗ ಮಗು ನನ್ನ ತೊಡೆಯ ಮೇಲೆ ಮಲಗಿತ್ತು. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ನಾನು ಒಂದು ಸರ್ಕಾರಿ ಕಚೇರಿಯ ವಿಚಾರಣೆ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುತ್ತಾಳೆ ಎಂದು ಹೆಸರು ಪಡೆದಿದ್ದೆ. ನಿವೃತ್ತಿಯ ದಿನ ಹಾರ ಹಾಕಿ ಭಾಷಣದಲ್ಲಿ ಅದನ್ನೇ ಹೊಗಳಿದರು. ಅದೇ ಕೌಂಟರನ್ನು ಮನೆಗೂ ತಂದು ಮೊಮ್ಮಗಳ ಮುಂದೆ ಹಾಕಿಕೊಂಡಿದ್ದೆ. ಊಟಕ್ಕೆ ಹಟ ಮಾಡಿದರೆ ಮೊಬೈಲು, ಬೆರಳು ಎತ್ತುವ ಮೊದಲೇ ಬಿಸ್ಕತ್ತು. ಪ್ರೀತಿಯಿಂದಲೇ ಮಾಡಿದ್ದು, ಆದರೂ ಮಾಡಿದ್ದು ಮಾಡಿದ್ದೇ.

ಇನ್ನೊಂದು ಮಾತಿದೆ, ಅದನ್ನು ಶ್ವೇತಾಳಿಗೂ ಹೇಳಿರಲಿಲ್ಲ. ನಾನೂ ಒಂದು ಕಾಲಕ್ಕೆ ಮಾತಾಡದ ಮಗುವಾಗಿದ್ದೆ.

ಆಗ ನನಗೆ ನಾಲ್ಕು ತುಂಬಿರಲಿಲ್ಲ. ಅಮ್ಮನಿಗೆ ಎದೆಯ ಕಾಯಿಲೆಯಾಗಿ ಊರಾಚೆಯ ಆಸ್ಪತ್ರೆಗೆ ಸೇರಿಸಿದ್ದರು. ಅಲ್ಲಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಅಪ್ಪ ನನ್ನನ್ನು ಶ್ರೀನಗರದ ದೊಡ್ಡಮ್ಮನ ಮನೆಯಲ್ಲಿ ಬಿಟ್ಟು ಹೋದರು. ಎರಡು ಮೂರು ತಿಂಗಳ ಮಾತು ಎಂದಿದ್ದು ಒಂದೂವರೆ ವರ್ಷವಾಯಿತು. ಅಮ್ಮ ಎಲ್ಲಿ ಎಂದು ನನಗೆ ಯಾರೂ ಹೇಳಲಿಲ್ಲ. “ಊರಿಗೆ ಹೋಗಿದ್ದಾಳೆ” ಎಂದರು, ಆಮೇಲೆ ಅದನ್ನೂ ಬಿಟ್ಟರು. ಮೊದಲು ನನ್ನ ಬಾಯಿಂದ ಹೋದ ಮಾತು ‘ಅಮ್ಮ’. ಕರೆದರೆ ಓಗೊಡುವವರಿಲ್ಲದ ಮಾತನ್ನು ಇಟ್ಟುಕೊಂಡು ಮಾಡುವುದೇನು? ಅದರ ಹಿಂದೆ ಉಳಿದವೂ ಒಂದೊಂದಾಗಿ ಹೋದವು.

ದೊಡ್ಡಮ್ಮನ ಮನೆಯವರು ಕೆಟ್ಟವರಲ್ಲ. ತೀರಾ ಒಳ್ಳೆಯವರು, ತೊಂದರೆ ಆದದ್ದೇ ಅಲ್ಲಿ. ತಾಯಿ ಜೊತೆಗಿಲ್ಲದ ಕೂಸು ಎಂದು ಎಲ್ಲರಿಗೂ ಮರುಕ. ತಟ್ಟೆ ನೋಡಿದರೆ ಅನ್ನ ಬಂತು, ಕಿಟಕಿ ನೋಡಿದರೆ ಯಾರೋ ಎತ್ತಿಕೊಂಡರು. ಬಂದವರು ನನ್ನ ಹೆಸರು ಕೇಳಿದರೆ ದೊಡ್ಡಮ್ಮನ ಮಕ್ಕಳಾದ ಅಣ್ಣಂದಿರಿಬ್ಬರೂ ನಾ ಮುಂದು ತಾ ಮುಂದು ಎಂದು ಹೇಳುತ್ತಿದ್ದರು. ನಾನು ತುಟಿ ಬಿಚ್ಚುವ ಅಗತ್ಯವೇ ಬೀಳಲಿಲ್ಲ.

ಮಾತಿನ ಅಗತ್ಯವಿಲ್ಲದ ಕೆಲಸವೆಂದು ದೊಡ್ಡಮ್ಮ ನನಗೆ ಒಂದೇ ಒಂದು ಕೆಲಸ ಕೊಡುತ್ತಿದ್ದರು. ನಾಲ್ಕು ಮನೆ ಆಚೆ, ಹೊಂಗೆ ಮರದ ಕೆಳಗೆ, ನರಸಮ್ಮನ ಇಸ್ತ್ರಿ ಗಾಡಿ. ಅಲ್ಲಿಗೆ ಒಂದು ಸಣ್ಣ ಗಂಟು ಕೊಟ್ಟು ಬರುವುದು. ದೊಡ್ಡಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

ನರಸಮ್ಮ ಅಂಥ ಸೌಮ್ಯ ಹೆಂಗಸೇನಲ್ಲ. ಸದಾ ಎಲೆ ಅಡಿಕೆ, ಬೀದಿ ನಲ್ಲಿಯ ಹತ್ತಿರ ದಿನಾ ಜಗಳ. ಓದು ಬರಹ ಬಾರದ ಅವಳು ಕಾಲರಿನೊಳಗೆ ಮಸಿಯ ಗುರುತು ಹಾಕುತ್ತಿರಲಿಲ್ಲ. ಗಂಟು ಬಿಚ್ಚಿ, ಒಂದೊಂದೇ ಬಟ್ಟೆ ಎತ್ತಿ ಹಿಡಿದು, “ಇದು ಯಾರ್ದು?” ಎಂದು ಕೇಳಿ, ತಲೆಯಲ್ಲೇ ಬರೆದಿಟ್ಟುಕೊಳ್ಳುವುದು ಅವಳ ಪದ್ಧತಿ. ನನ್ನನ್ನೂ ಹಾಗೇ ಕೇಳಿದಳು. ನಾನು ಮನೆಯ ಕಡೆ ಕೈ ತೋರಿಸಿದೆ.

“ಕೈ ತೋರ್ಸಿದ್ರೆ ನಂಗೆಂಗ್ ತಿಳೀತದವ್ವ? ಬಾಯಲ್ಲೇಳು. ನಿಧಾನಕ್ಕೇಳು, ನಂಗೇನ್ ಅರ್ಜೆಂಟಿಲ್ಲ.”

ಅದು ಹಸಿ ಸುಳ್ಳು. ಇದ್ದಿಲಿನ ಪೆಟ್ಟಿಗೆ ಇಟ್ಟುಬಿಟ್ಟರೆ ಆರುತ್ತದೆ. ಅವಳು ಅದನ್ನು ಇಟ್ಟಿಗೆಯ ಮೇಲೆ ಇಟ್ಟು, ಕೈಕಟ್ಟಿ, ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ನಾನು ಪೆಟ್ಟಿಗೆಯ ತೂತುಗಳನ್ನು ನೋಡುತ್ತಿದ್ದೆ. ಒಳಗಿನ ಕೆಂಪು ಮಂಕಾಗಿ, ಬೂದಿ ಕಟ್ಟಿ, ಬಿಳಿಚಿಕೊಳ್ಳುತ್ತಿತ್ತು. ಅಷ್ಟರಲ್ಲಿ ನನ್ನ ಬಾಯಿಂದ “ಅ… ಅಣ್ಣ” ಎಂದು ಏನೋ ಹೊರಡುತ್ತಿತ್ತು.

“ಓಹೋ, ಅಣ್ಣಂದಾ! ದೊಡ್ಡಣ್ಣಂದೋ ಚಿಕ್ಕಣ್ಣಂದೋ?”

ಮತ್ತೆ ಕೈಕಟ್ಟಿ ನಿಲ್ಲುವಳು. ನಾನು ಹೇಳಿದ ಮೇಲೆ ರಟ್ಟಿನ ಚೂರಿನಿಂದ ಬೀಸಿ ಬೀಸಿ ಕೆಂಡ ಏಳಿಸುವಳು. ಆರಿದ ಪೆಟ್ಟಿಗೆಯನ್ನು ಮತ್ತೆ ಕಾಯಿಸುವುದು ಎಂಥ ಪಾಡು ಎಂದು ನನಗೆ ಆಗ ಗೊತ್ತಿರಲಿಲ್ಲ, ಅದೂ ಆಟದ ಭಾಗವೆಂದುಕೊಂಡಿದ್ದೆ. ಒಮ್ಮೆ ಬಟ್ಟೆಗೆ ಕಾದಿದ್ದವರೊಬ್ಬರು, “ಆ ಮೂಗಿ ಹತ್ರ ಏನ್ ಮಾತಮ್ಮ, ನಂದು ಬೇಗ ಕೊಡು,” ಎಂದರು. “ನೀನು ಇಷ್ಟ್ ವರ್ಷ ಮಾತಾಡಿ ಏನ್ ಕಡಿದಾಕಿದ್ದೀಯ, ಸುಮ್ನಿರಯ್ಯ,” ಎಂದಳು ನರಸಮ್ಮ.

ಹೀಗೆ ತಿಂಗಳುಗಳು ಕಳೆದವು. ಮನೆಯಲ್ಲಿ ಮೌನ, ಗಾಡಿಯ ಹತ್ತಿರ ಎಂಟು ಹತ್ತು ಮಾತು. ದೊಡ್ಡಮ್ಮನಿಗೆ ಅದು ತಿಳಿದಿರಲಿಲ್ಲ, ಬಾಗಿಲಿಗೆ ಅಷ್ಟು ಕೇಳುತ್ತಿರಲಿಲ್ಲ.

ಒಂದು ದಿನ ಗಂಟು ಎಂದಿಗಿಂತ ದಪ್ಪಗಿತ್ತು. ನರಸಮ್ಮ ಒಂದು ಕೈಯಲ್ಲಿ ದೊಡ್ಡಪ್ಪನ ಬಿಳಿ ಪಂಚೆಯ ಮೇಲೆ ಪೆಟ್ಟಿಗೆ ಓಡಿಸುತ್ತಲೇ ಇನ್ನೊಂದು ಕೈಯಿಂದ ಗಂಟು ಬಿಚ್ಚಿದಳು. ಮೇಲೇ ಒಂದು ನೀಲಿ ಸೀರೆ, ಸಾಸಿವೆ ಬಣ್ಣದ ಅಂಚು. “ಇದು ಯಾರ್ದು?” ಎಂದಳು, ಎಂದಿನಂತೆ.

“ಇದು ನಮ್ಮಮ್ಮಂದು,” ಎಂದೆ. ಬಾಯಿ ಅಲ್ಲಿಗೇ ನಿಲ್ಲಲಿಲ್ಲ. “ಅಮ್ಮ ಎಲ್ಲಿ?”

ನರಸಮ್ಮನ ಕೈ ನಿಂತುಬಿಟ್ಟಿತು. ಪೆಟ್ಟಿಗೆಯೂ ನಿಂತಿತು. ಅವಳು ನನ್ನನ್ನೇ ನೋಡುತ್ತಿದ್ದಳು, ನಾನು ಇನ್ನೇನಾದರೂ ಹೇಳುತ್ತೇನೋ ಎಂದು. ಸುಟ್ಟ ವಾಸನೆ ಬಂದು ಹೊಗೆಯಾಡಿದ ಮೇಲೆ ಪೆಟ್ಟಿಗೆ ಎತ್ತಿದಳು. ಪಂಚೆಯ ಮೇಲೆ ಅದರ ಅಚ್ಚು ಕಂದಾಗಿ ಕೂತಿತ್ತು.

“ನಂಗೊತ್ತಿಲ್ಲ ಕಣವ್ವ,” ಎಂದಳು. “ನಡಿ, ಕೇಳಾನ.”

ಗಾಡಿ ಬಿಟ್ಟು, ಒಂದು ಕೈಯಲ್ಲಿ ಪಂಚೆ, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ಮನೆಗೆ ಬಂದಳು. ದೊಡ್ಡಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಪಂಚೆ. “ಹೊಸಾ ಪಂಚೆ! ಎಲ್ಲಿತ್ತೇ ನಿನ್ ಗ್ಯಾನ?” ಎಂದು ಶುರು ಮಾಡಿದರು.

“ಮಗು ಮಾತಾಡ್ತಮ್ಮ. ಕೈ ನಿಂತೋಯ್ತು,” ಎಂದಳು ನರಸಮ್ಮ. “ಅದೇನೋ ಕೇಳ್ತಾ ಐತೆ. ಮೊದ್ಲು ಅದಕ್ಕೆ ಉತ್ರ ಕೊಡಿ, ಆಮೇಲೆ ನನ್ನ ಬೈಯಿರಂತೆ.”

ನಾನು ಮತ್ತೆ ಕೇಳಿದೆ. ದೊಡ್ಡಮ್ಮ ಹೊಸ್ತಿಲ ಮೇಲೆ ಕೂತರು. ಅಮ್ಮ ಬರುವ ಭಾನುವಾರ ಬರುವವಳಿದ್ದಳು, ಆಸ್ಪತ್ರೆಯಿಂದ ಉಟ್ಟು ಬರಲಿ ಎಂದೇ ಟ್ರಂಕಿನಿಂದ ಆ ಸೀರೆ ತೆಗೆದಿದ್ದರು. ಆಸೆ ಹುಟ್ಟಿಸಿ ಬರದಿದ್ದರೆ ಎಂದು ನನಗೆ ಹೇಳಿರಲಿಲ್ಲ. ಅವತ್ತು ಎಲ್ಲವನ್ನೂ ಹೇಳಿದರು. ಕಾಯಿಲೆ, ಆಸ್ಪತ್ರೆ, ನನ್ನನ್ನು ಯಾಕೆ ಕರೆದೊಯ್ಯಲಿಲ್ಲ ಎಂಬುದು, ಅಮ್ಮ ಬೇಕೆಂದು ಬಿಟ್ಟು ಹೋದದ್ದಲ್ಲ ಎಂಬುದು. ನನಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಕೇಳಿದ್ದಕ್ಕೆ ಉತ್ತರ ಬರುತ್ತದೆ ಎಂಬುದು ಮಾತ್ರ ತಿಳಿಯಿತು.

ಭಾನುವಾರ ಅಮ್ಮ ಬಂದಳು. ಕಡ್ಡಿಯಾಗಿದ್ದಳು, ಗುರುತೇ ಸಿಗುತ್ತಿರಲಿಲ್ಲ, ಸೀರೆ ನೋಡಿ ಗುರುತು ಹಿಡಿದೆ. “ಅಮ್ಮ” ಎಂದೆ. ಅವಳು ಓಗೊಟ್ಟಳು.

ಕೆಲವು ದಿನಕ್ಕೆ ನಾವು ನಮ್ಮ ಮನೆಗೆ ಹೋದೆವು. ಮತ್ತೆ ದೊಡ್ಡಮ್ಮನ ಮನೆಗೆ ಬರುವ ಹೊತ್ತಿಗೆ ಮರವೂ ಇರಲಿಲ್ಲ, ಗಾಡಿಯೂ ಇರಲಿಲ್ಲ. ನರಸಮ್ಮ ಎಲ್ಲಿ ಹೋದಳೆಂದು ನಾನು ವಿಚಾರಿಸಲೇ ಇಲ್ಲ. ಸಾವಿರಾರು ಜನರ ವಿಚಾರಣೆಗೆ ಉತ್ತರ ಕೊಟ್ಟವಳಿಗೆ ಇದೊಂದು ವಿಚಾರಣೆ ಮಾಡಬೇಕೆಂದು ಹೊಳೆಯಲಿಲ್ಲ. ಅದಕ್ಕೆ ನನಗೆ ಈಗ ನಾಚಿಕೆಯಾಗುತ್ತದೆ. ಇನ್ನೊಂದು ವಿಷಯ ಹೊಳೆದದ್ದಂತೂ ಮೊನ್ನೆ ಡಾಕ್ಟರ ಮುಂದೆ ಕೂತಾಗ. ವಾರಗಟ್ಟಲೆ ಅದದೇ ಅಂಗಿ ಅದದೇ ಪಂಚೆ ಒತ್ತಿದವಳಿಗೆ ಅವು ಯಾರವೆಂದು ಎರಡನೇ ಗಂಟಿಗೇ ಗೊತ್ತಾಗಿರಬೇಕು. ಆಮೇಲೂ ಅವಳು ಪ್ರತಿ ಸಲ ಕೇಳಿದಳು, ಪ್ರತಿ ಸಲ ಪೆಟ್ಟಿಗೆ ಆರುವವರೆಗೆ ಕಾದಳು.

ಡಾಕ್ಟರ ಮಾತಿನಂತೆ ನಾನೂ ಶುರು ಮಾಡಿದ್ದೆ. ಮೊಬೈಲು ಅಟ್ಟ ಸೇರಿತು. ಮಗು ತೋರಿಸಿದ್ದನ್ನು ಹೆಸರಿಸಿ ಬಾಯಿ ಮುಚ್ಚಿಕೊಳ್ಳುವುದು. ಕಾಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಐದು ದಿನ ಏನೂ ಆಗಲಿಲ್ಲ. ಮಗು ಅತ್ತಿತು, ಒಮ್ಮೆ ನಾನೂ ಬಚ್ಚಲಿಗೆ ಹೋಗಿ ಅತ್ತು ಬಂದೆ.

ಶುಕ್ರವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿತ್ತು. ಚಾರ್ವಿಯನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹಾಲಿನ ಕೆನೆ ಉಬ್ಬಿತು. ಅವಳು ಬೆರಳು ತೋರಿಸಿ “ಊಂ” ಎಂದಳು.

“ಏನು ಪುಟ್ಟ? ಏನದು?” ಎಂದು ಕೇಳಿ ಸುಮ್ಮನಾದೆ. ನನ್ನ ಕೈ ತನ್ನಷ್ಟಕ್ಕೆ ಒಲೆಯ ಕಡೆ ಹೊರಟಿತ್ತು, ಹಿಡಿದುಕೊಂಡೆ. ಹಾಲು ಅಂಚಿಗೆ ಬಂತು. ಅವಳು ನನ್ನ ಮುಖ ನೋಡಿದಳು, ಹಾಲು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಈ ಅಜ್ಜಿಗೆ ಏನಾಗಿದೆ ಎಂಬ ದಿಗಿಲು ಆ ಕಣ್ಣಲ್ಲಿ.

“ಆಲು,” ಎಂದಳು. ಆಮೇಲೆ ಜೋರಾಗಿ, “ಅಜ್ಜಿ, ಆಲು!”

ಹಾಲು ಚೊರ್ರೆಂದು ಒಲೆಯ ಮೇಲೆಲ್ಲ ಹರಿದು ನೆಲಕ್ಕೆ ತೊಟ್ಟಿಕ್ಕಿತು. ಓಡಿಹೋಗಿ ಗ್ಯಾಸ್ ಆರಿಸುವಷ್ಟರಲ್ಲಿ ಮನೆಯೆಲ್ಲ ಸೀದ ವಾಸನೆ. ಕೋಣೆಯಲ್ಲಿ ಮೀಟಿಂಗಿನಲ್ಲಿದ್ದ ಶ್ವೇತಾ ಹೊರಗೆ ಬಂದಳು, ಹೆಡ್‌ಫೋನು ಕುತ್ತಿಗೆಯಲ್ಲೇ ಇತ್ತು.

“ಏನತ್ತೆ ಇದು! ಇಲ್ಲೇ ಇದ್ರಲ್ಲ, ನೋಡ್ತಾ ನಿಂತಿದ್ರಾ?”

“ಮಗು ಮಾತಾಡ್ತು ಕಣೆ,” ಎಂದೆ. “ಕೈ ನಿಂತೋಯ್ತು.”

ಶ್ವೇತಾ ನನ್ನನ್ನು ನೋಡಿದಳು, ಮಗುವನ್ನು ನೋಡಿದಳು. ಚಾರ್ವಿ ನೆಲದ ಕಡೆ ಬೆರಳು ಮಾಡಿ ಅಮ್ಮನಿಗೆ ದೂರು ಕೊಟ್ಟಳು, “ಆಲು.” ಶ್ವೇತಾ ಹೆಡ್‌ಫೋನು ತೆಗೆದಿಟ್ಟು, ಹಾಲು ಬಿದ್ದ ನೆಲದ ಮೇಲೇ ಮೊಣಕಾಲೂರಿ ಕೂತಳು.

“ಹೌದಾ ಕಂದ? ಏನಾಯ್ತು ಹಾಲು?”

ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ನುಂಗಿಕೊಂಡೆ. ಒಲೆ ತಣ್ಣಗಾಗುತ್ತಿತ್ತು. ನಾವಿಬ್ಬರೂ ಕಾದೆವು.