ತಂಗೆವ್ವನ ಶೇಂಗಾ ಹೋದ ಊರು

ಬೈಲಹೊಂಗಲದ ತಂಗೆವ್ವನ ಮಸಾಲೆ ಶೇಂಗಾ ತಿಂದವರು ಒಂದು ಹಿಡಿಗೆ ನಿಲ್ಲಿಸಿದ್ದನ್ನು ಯಾರೂ ನೋಡಿಲ್ಲ. ಕಡಲೆಹಿಟ್ಟು, ಬ್ಯಾಡಗಿ ಖಾರ, ಬೆಳ್ಳುಳ್ಳಿ, ಜೀರಿಗೆ, ಇಷ್ಟೇ ಅಂತ ಆಕೆ ಹೇಳುತ್ತಾಳೆ. ಇಷ್ಟೇ ಹಾಕಿ ಮಾಡಿ ನೋಡಿದ ಓಣಿಯ ಹೆಂಗಸರು, ಆಕೆ ಏನೋ ಮುಚ್ಚಿಟ್ಟಿದ್ದಾಳೆ ಅಂತ ಇವತ್ತಿಗೂ ಗುಮಾನಿ ಪಡುತ್ತಾರೆ.

ಅರವತ್ತರ ಹತ್ತಿರ ಬಂದ ಈ ಹೆಂಗಸಿಗೆ ಒಂದೇ ಹಟ. ತನ್ನ ಕೈಯ ತಿನಿಸು ಹೆಂಡದಂಗಡಿಯ ಹೊಸ್ತಿಲು ದಾಟಬಾರದು. ಗಂಡ ಕಾಡಪ್ಪ ಒಳ್ಳೆಯ ಮನುಷ್ಯ, ಸಂಜೆ ಐದರ ತನಕ. ಆಮೇಲೆ ಅವನನ್ನು ಪೇಟೆಯ ಬಾರಿನಿಂದ ಕರೆತರಬೇಕಿತ್ತು. ಹೆಂಗಸರು ಒಳಗೆ ಕಾಲಿಡುವ ರೂಢಿಯೇ ಇಲ್ಲ. ಹಾಗಾಗಿ ಇಪ್ಪತ್ತಾರು ವರ್ಷ ಆಕೆ ಎದುರಿನ ಪಾನ್ ಅಂಗಡಿಯ ಪಕ್ಕ, ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಳು. ಪಾನ್ ಅಂಗಡಿಯವನೇ ಒಳಗೆ ಹೋಗಿ, ಮನೆಯವರು ಬಂದಿದ್ದಾರೆ ಎಂದು ಹೇಳಿ ಬರುತ್ತಿದ್ದ. ಕಾಡಪ್ಪ ತೀರಿಕೊಂಡು ಎಂಟು ವರ್ಷವಾಯಿತು. ಅದೇ ಬಾರಿನವರು ಶೇಂಗಾ ಕೇಳಿಕೊಂಡು ಬಂದಾಗ ತಂಗೆವ್ವ ಚಹಾ ಕೊಟ್ಟು ಕಳಿಸಿದಳು, ಶೇಂಗಾ ಕೊಡಲಿಲ್ಲ.

ಗೋವಾದ ಶ್ರೀಶೈಲನ ಮಾತು ಬೇರೆ. ರಾಮದುರ್ಗದ ಕಡೆ, ತೊರಗಲ್ಲಿನವನು. ಕಾಣಕೋಣದ ಹತ್ತಿರ ಸಮುದ್ರದ ದಂಡೆಗೆ ಅಂಗಡಿ ಇಟ್ಟಿದ್ದಾನೆ. ಮೂರು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ದೊಡ್ಡ ಡಬ್ಬಿ ತುಂಬ ಶೇಂಗಾ ಬಸ್ಸಿಗೆ ಹಾಕಿಸಿ ತರಿಸಿಕೊಳ್ಳುತ್ತಾನೆ. ಫೋನಿನಲ್ಲಿ ಅವನ ಫೋಟೋ ಬರುತ್ತದೆ, ಹಣೆ ತುಂಬ ವಿಭೂತಿ. ವಿಭೂತಿ ಹಚ್ಚಿದ ನಮ್ಮ ಕಡೆಯವನು ಪರವೂರಿಗೆ ಹೋಗಿ ತಿನ್ನುವ ಅಂಗಡಿ ಇಟ್ಟರೆ ಅದು ಖಾನಾವಳಿಯೇ ಅಲ್ಲವೇ? ರೊಟ್ಟಿ, ಎಣಗಾಯಿ, ಬದಿಗೆ ತನ್ನ ಶೇಂಗಾ. ತಂಗೆವ್ವ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕಿತ್ತೂರಿನಲ್ಲಿ ಟೀಚರಾಗಿರುವ ಮಗಳು ಮೀನಾ, ಶನಿವಾರ ರವಿವಾರ ಸಮುದ್ರ ನೋಡಿ ಬರೋಣ ಎಂದಾಗ ತಂಗೆವ್ವ ಒಂದೇ ಮಾತಿಗೆ ಒಪ್ಪಿದಳು. ಸಮುದ್ರಕ್ಕಲ್ಲ, ಖಾನಾವಳಿಗೆ. ಜನ ತನ್ನ ಶೇಂಗಾ ತಿನ್ನುವುದನ್ನು ಒಮ್ಮೆ ಕೂತು ನೋಡಬೇಕು. ಶ್ರೀಶೈಲನಿಗೆಂದು ಡಬ್ಬಿಯಲ್ಲಿ ಹೋಳಿಗೆ ಕಟ್ಟಿಕೊಂಡಳು. ಅಳಿಯ ಕಲ್ಮೇಶನ ಲೆಕ್ಕಾಚಾರವೇ ಬೇರೆ ಇತ್ತು. ಆ ಊರಿನ ಪಬ್ಬುಗಳನ್ನೆಲ್ಲ ಅವನು ಫೋನಿನಲ್ಲಿ ನೋಡಿ ಗುರುತು ಹಾಕಿಕೊಂಡಿದ್ದ. ಅತ್ತೆಯೂ ಬರುತ್ತಾಳೆ ಎಂದು ಗೊತ್ತಾದ ಮೇಲೆ ಪಾಪ, ಸಂಜೆ ಒಬ್ಬನೇ ಅಡ್ಡಾಡಿ ಬರಲು ಏನು ನೆವ ಹೇಳಲಿ ಎಂದು ಯೋಚಿಸುತ್ತಲೇ ಅನಮೋಡ ಘಾಟ ಇಳಿಸಿದ.

ಸಮುದ್ರ ಕಂಡದ್ದೇ ತಂಗೆವ್ವ ನೀರಿನ ಅಂಚಿಗೆ ನಡೆದಳು. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು ಉಗುಳಿದಳು. ಇಷ್ಟು ನೀರಿದ್ದೂ ಒಂದು ಕೊಡ ಬಳಸಲಿಕ್ಕೆ ಬರುವುದಿಲ್ಲವಲ್ಲ ಎಂದು ಆ ಊರಿನವರಿಗಾಗಿ ಮರುಗಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ ಇಳಿದವಳು ಮಗಳು ಎಷ್ಟು ಕರೆದರೂ ಮೇಲೆ ಬರಲಿಲ್ಲ.

ಐದು ಗಂಟೆಗೆ ಶ್ರೀಶೈಲನ ಅಂಗಡಿ ಹುಡುಕಿಕೊಂಡು ಹೊರಟರು. ಜನ ತೋರಿಸಿದ ಓಣಿಯಲ್ಲಿ ಸಾಲಾಗಿ ನಾಲ್ಕು ಪಬ್ಬು. ಮೂರನೆಯದೇ ಅವನದು, ಬೋರ್ಡಿನ ಮೇಲೆ ನೊರೆ ಉಕ್ಕುವ ಗ್ಲಾಸು. ಕಲ್ಮೇಶನ ಮುಖ ಸಣ್ಣದಾಯಿತು. ಅವನು ಗುರುತು ಹಾಕಿಕೊಂಡಿದ್ದರಲ್ಲಿ ಇದೇ ಮೊದಲನೆಯದು. ತೆರೆದ ಕಿಟಕಿಯೊಳಗೆ ಪ್ರತಿ ಮೇಜಿಗೂ ಗ್ಲಾಸು, ಗ್ಲಾಸಿನ ಪಕ್ಕ ಬಟ್ಟಲು, ಬಟ್ಟಲಲ್ಲಿ ಶೇಂಗಾ. ಆ ಬಣ್ಣ ತಂಗೆವ್ವನಿಗೆ ಎಲ್ಲಿದ್ದರೂ ಗುರುತು.

ಹೋಳಿಗೆ ಡಬ್ಬಿಯನ್ನು ಅವಚಿಕೊಂಡು ಆಕೆ ರಸ್ತೆ ದಾಟಿ ಎದುರಿನ ಮರದ ಕೆಳಗೆ ಹೋಗಿ ನಿಂತಳು. ಕಾಲು ತಾವಾಗಿಯೇ ಅಲ್ಲಿಗೆ ಹೋದವು, ಇಪ್ಪತ್ತಾರು ವರ್ಷದ ರೂಢಿ.

ಕಲ್ಮೇಶ ಒಳಗೆ ಹೋಗಿ ಹೇಳಿದ್ದಕ್ಕೆ ಶ್ರೀಶೈಲ ವಿಭೂತಿ ಸಮೇತ ಓಡಿಬಂದ. ಒಳಗೆ ಬರ್ರಿ ಎಂದು ಕೈಮುಗಿದ. ಖಾನಾವಳಿ ಅಂದುಕೊಂಡಿದ್ದೆನಲ್ಲ ಎಂದು ತಂಗೆವ್ವ ಗದರಿದ್ದಕ್ಕೆ, ಹಾಗಂತ ತಾನು ಎಂದೂ ಅಂದಿರಲಿಲ್ಲ ಎಂದ. ಅದು ನಿಜವೂ ಹೌದು. ಈ ಶೇಂಗಾ ಇಲ್ಲದಿದ್ದರೆ ಗಿರಾಕಿಗಳು ಪಕ್ಕದ ಪಬ್ಬಿಗೆ ನಡೆಯುತ್ತಾರೆ ಎಂದೂ ಬಾಯಿಬಿಟ್ಟ. ಇನ್ನು ಮುಂದೆ ಡಬ್ಬಿ ಬರುವುದಿಲ್ಲ ಎನ್ನಬೇಕೆಂದು ತಂಗೆವ್ವ ಬಾಯಿ ತೆರೆದಳು.

ಅಷ್ಟರಲ್ಲಿ ಮರದ ಆಚೆ ಬದಿಗೆ ನಿಂತ ಹೆಂಗಸು ಕಣ್ಣಿಗೆ ಬಿದ್ದಳು. ಹೆಚ್ಚುಕಡಿಮೆ ತನ್ನದೇ ವಯಸ್ಸು. ಕಾಲ ಬಳಿ ಮೀನು ಮಾರಿ ಖಾಲಿಯಾದ ಬುಟ್ಟಿ. ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುತ್ತ, ಪಬ್ಬಿನ ಬಾಗಿಲನ್ನು ನೋಡಿಯೂ ನೋಡದ ಹಾಗೆ ನಿಂತಿದ್ದಳು. ಆ ನಿಲುವು ತಂಗೆವ್ವನಿಗೆ ಗೊತ್ತು. ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ತುಂಬಿದವು. ಯಾರು ಎಂದು ಕೇಳಿದ್ದಕ್ಕೆ ಶ್ರೀಶೈಲ, ಈಕೆಯ ಗಂಡ ಒಳಗಿದ್ದಾನೆ, ದಿನಾ ಬಂದು ಹೀಗೆ ಕಾಯುತ್ತಾಳೆ ಎಂದ.

"ಒಂದ ದಿನಾನರ ಆಕಿಗೆ ಕುಂಡ್ರು ಅಂದಿಯೇನು, ತಮ್ಮಾ?"

ಅವನು ಆ ಹೆಂಗಸಿನ ಕಡೆ ಈಗ ಮೊದಲ ಸಲ ಸರಿಯಾಗಿ ತಿರುಗಿ ನೋಡಿದ.

"ನಾ ಇಪ್ಪತ್ತಾರು ವರ್ಷ ನಿಂತೇನಿ. ನನಗೂ ಯಾರೂ ಅನ್ನಲಿಲ್ಲ."

ತಂಗೆವ್ವ ಆ ಹೆಂಗಸಿನ ಕೈ ಹಿಡಿದಳು. ಬೆಳಗಾವಿ ಕಡೆಯವರಿಗೆ ಬರುವಷ್ಟು ಮರಾಠಿಯಲ್ಲಿ, ನಡೆಯಿರಿ, ಕೂತುಕೊಳ್ಳೋಣ ಎಂದಳು. ಹಾಗೆ ಜನ್ಮದಲ್ಲಿ ಮೊದಲ ಸಲ ಬಾರಿನ ಹೊಸ್ತಿಲು ದಾಟಿದಳು. ಖಾಲಿ ಬುಟ್ಟಿಯನ್ನು ಪಕ್ಕಕ್ಕಿಟ್ಟು ಬಾಗಿಲ ಹತ್ತಿರದ ಮೇಜಿಗೆ ಇಬ್ಬರೂ ಕೂತರು. ಹೋಳಿಗೆ ಬಿಚ್ಚಿದರು, ಶೇಂಗಾ ಬಂತು. ಮೂಲೆಯಿಂದ ಒಬ್ಬ ಮುದುಕ ಅರ್ಧ ಗ್ಲಾಸು ಬಿಟ್ಟು ಎದ್ದುಬಂದು, ಹೋಗೋಣ ಎಂದು ಬುಟ್ಟಿ ಎತ್ತಿಕೊಂಡ. ಹೆಂಡತಿ ಅವನ ಕಡೆ ತಿರುಗಿಯೂ ನೋಡದೆ ಇನ್ನೊಂದು ಹೋಳಿಗೆ ಮುರಿದಳು. ಅವನು ಬುಟ್ಟಿ ಹಿಡಿದು ಬಾಗಿಲ ಹೊರಗೆ ಹೋಗಿ ಕಾದು ನಿಂತ. ಪಬ್ಬಿನೊಳಗೆ ಬಂದೂ ಕಲ್ಮೇಶ ಅತ್ತೆಯ ಎದುರು ಲಿಂಬು ಸೋಡಾ ಕುಡಿದ.

ಹದಿನೈದು ದಿನಕ್ಕೆ ಸರಿಯಾಗಿ ಡಬ್ಬಿ ಬಸ್ಸು ಹತ್ತಿತು, ಬಾಗಿಲ ಹತ್ತಿರ ಎರಡು ಕುರ್ಚಿ ಖಾಯಂ ಇರಬೇಕು ಅನ್ನುವ ಕರಾರಿನ ಮೇಲೆ. ಡಬ್ಬಿಯೊಳಗೆ ಎಲ್ಲಕ್ಕಿಂತ ಮೇಲೆ ಬೇರೆಯೇ ಒಂದು ಪೊಟ್ಟಣವಿತ್ತು. ಅದರ ಮೇಲೆ ತಂಗೆವ್ವ ಮೀನಾಳಿಂದ ಬರೆಸಿದ್ದಳು: "ಇದು ಕುಡಿಯೋರಿಗೆ ಅಲ್ಲ. ಹೊರಗ ನಿಂತವರಿಗೆ."