ಎಂಜಿನ್ ಬಿಸಿಯಾಗುವವರೆಗೆ

ನಮ್ಮ ಗ್ಯಾರೇಜ್ ಸಾಲಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಫ್ಯೂಸ್ ಅಂತಲೇ. ಗಾಡಿಗಳ ವೈರಿಂಗ್ ಅವನ ಕಸುಬು. ಆದರೆ ಹೆಸರು ಬಂದದ್ದು ಕಸುಬಿನಿಂದಲ್ಲ, ಮೂಗಿನ ತುದಿಯಲ್ಲಿರುವ ಕೋಪದಿಂದ. ಪಕ್ಕದ ಮಳಿಗೆಯಲ್ಲಿ ಸೀಟ್ ಕವರ್ ಹೊಲಿಯುವ ನಾನು ಅವನ ಬೈಗುಳ ಕೇಳುತ್ತಲೇ ತಲೆ ನರೆಸಿಕೊಂಡವನು. ಕೆಟ್ಟವನೇನಲ್ಲ. ಆದರೆ ಮನಸ್ಸು ಒಳ್ಳೆಯದಿದ್ದರೆ ಬಾಯಿಗೆ ಬಂದದ್ದೆಲ್ಲ ಆಡಬಹುದು ಅಂತ ಇವನಿಗೆ ಹೇಳಿಕೊಟ್ಟವರು ಯಾರು? ನನಗೆ ಇವತ್ತಿಗೂ ಅದೇ ಸಿಟ್ಟು.

ಮನೆಯಲ್ಲಿ ಮೂರೇ ಜನ: ಅವನು, ಟ್ಯಾಕ್ಸಿ ಓಡಿಸುವ ತಮ್ಮ, ಉಬ್ಬಸದ ತಾಯಿ. ಹಳೆಯ ಕಾರೊಂದೇ ಮೂವರ ಆಧಾರ. ಅದು ಬಾಡಿಗೆಗೂ ಓಡಬೇಕು, ತಾಯಿಗೆ ಉಸಿರು ಕಟ್ಟಿದರೆ ಆಸ್ಪತ್ರೆಗೂ ಓಡಬೇಕು. ತಮ್ಮನಿಗೋ ಸದಾ ಅವಸರ. ಬೆಳಿಗ್ಗೆ ಕೀ ತಿರುಗಿಸಿದವನೇ ಆಕ್ಸಿಲರೇಟರ್ ತುಳಿದು ಎಂಜಿನ್ ಕಿರುಚಿಸುತ್ತಿದ್ದ. ಆಯಿಲ್ ಬಿಸಿಯಾಗುವ ಮೊದಲೇ ಹಾಗೆ ಮಾಡಿದರೆ ಒಳಗೆ ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತದೆ. ಒಂದು ದಿನ ಎಂಜಿನ್ ಕೈಕೊಟ್ಟಿತು. ಫ್ಯೂಸ್ ಬೀದಿಯಲ್ಲೇ ತಮ್ಮನ ಮಾನ ಹರಾಜು ಹಾಕಿದ.

"ಇನ್ನೊಂದ್ಸಲ ಹೀಗಾದ್ರೆ ಈ ಮನೆ ಹೊಸಿಲು ತುಳೀಬೇಡ!"

ತಾಯಿ ಅವನ ಕೈಕಾಲು ಹಿಡಿಯುವುದೊಂದು ಬಾಕಿ. ತಮ್ಮ ಊಟ ಬಿಟ್ಟು ಮೂಲೆ ಹಿಡಿದ.

ಬೈದಾದ ಮೇಲೆ ಕರುಳು ಚುರ್ ಅನ್ನುವುದೂ ಇವನಿಗೇ. ರಿಪೇರಿಯಾದ ಕಾರಿಗೆ ಒಂದು ದೀಪ ಮಾಡಲು ಕೂತ. ತಣ್ಣಗಿರುವಾಗ ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು ದಾಟಿದರೆ ಡ್ಯಾಶ್‌ಬೋರ್ಡ್ ಮೇಲೆ ಕೆಂಪಗೆ ಹತ್ತಬೇಕು. ಬಿಸಿಯೇರಿದಂತೆ ಆ ಮಿತಿಯೂ ಏರಬೇಕು. ಸುತ್ತು ತಿಳಿಯಲು ಇಗ್ನಿಷನ್ ಕಾಯಿಲ್‌ನಿಂದ ವೈರು ಎಳೆದ. ಬಿಸಿ ಅಳೆಯುವ ಸೆನ್ಸರನ್ನು ಮಾತ್ರ ಅಡುಗೆಮನೆಯಲ್ಲೇ ಹದ ಮಾಡಿದ: ಪಾತ್ರೆಯ ನೀರಿಗೆ ಅದನ್ನಿಳಿಸಿ ಒಲೆಯ ಮೇಲಿಟ್ಟು, ತಾಯಿ ಥರ್ಮಾಮೀಟರ್ ಓದಿದಂತೆ ಇವನು ಪುಟ್ಟ ಸ್ಕ್ರೂ ತಿರುಗಿಸುವುದು.

"ನನ್ನ ಪಾತ್ರೇಲಿ ಅದೇನು ಬೇಯಿಸ್ತಿದ್ದೀಯೋ, ಉಪ್ಪು ಹಾಕ್ಲಾ?" ಅಂದಳು ತಾಯಿ. ಮೂಲೆಯಲ್ಲಿದ್ದ ತಮ್ಮನೂ ನಕ್ಕ.

ದೀಪ ಕೂರಿಸಿ ಫ್ಯೂಸ್ ತಮ್ಮನಿಗೆ ಹೇಳಿದ್ದು ಇಷ್ಟೇ: "ಇದು ಹತ್ತಿದ್ರೆ ಕಾಲು ತೆಗಿ. ಯಾಕೆ ಏನು ಅಂತ ಕೇಳ್ಬೇಡ." ತಮ್ಮ ಹಾಗೇ ನಡೆದುಕೊಂಡ. ಮನೆಯಲ್ಲಿ ಜಗಳ ನಿಂತಿತು.

ಚಳಿಗಾಲದ ಒಂದು ಬೆಳಿಗ್ಗೆ, ಫ್ಯೂಸ್ ದೂರದಲ್ಲಿ ಕೆಟ್ಟುನಿಂತ ಲಾರಿ ನೋಡಲು ಹೋಗಿದ್ದಾಗ, ತಾಯಿಗೆ ಉಸಿರು ಸಿಕ್ಕಿಕೊಂಡಿತು. ಇನ್ಹೇಲರ್‌ಗೂ ಜಗ್ಗಲಿಲ್ಲ. ತಮ್ಮ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಆಸ್ಪತ್ರೆ ದಿಬ್ಬದ ಮೇಲಿದೆ. ಬಾಗಿಲಿಗೆ ಸ್ಟ್ರೆಚರ್ ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. "ಸ್ವಲ್ಪ ಮುಂಚೆ ಬಂದಿದ್ರೆ..." ಎಂದ ಡಾಕ್ಟರು ಮಾತು ಅಲ್ಲಿಗೇ ನುಂಗಿಕೊಂಡರು.

ಸುದ್ದಿ ತಿಳಿದು ನಾನು ಓಡಿದೆ. ಮಧ್ಯಾಹ್ನ ಫ್ಯೂಸ್ ಬಂದ. ತಾಯಿಯ ಮುಖ ನೋಡಿ ಹೊರಬಂದವನೇ ತಮ್ಮನ ಕಾಲರ್‌ಗೆ ಕೈಹಾಕಿದ.

"ದಿಬ್ಬದಲ್ಲಿ ಆಮೆ ಥರ ಬಂದ್ಯಂತೆ, ಹಿಂದಿನ ಗಾಡಿಯವ್ರು ಹೇಳಿದ್ರು. ತುಳಿಯೋಕೆ ಕಾಲಿರ್ಲಿಲ್ವೇನೋ?"

"ತುಳಿದೆ ಅಣ್ಣ. ದೀಪ ಹತ್ತಿತು. ಆದ್ರೂ ತುಳಿದೆ."

"ಮತ್ತೆ?"

"ಅಮ್ಮನೇ ನನ್ನ ಮೊಣಕಾಲು ಹಿಡ್ಕೊಂಡು ಹಿಂದಕ್ಕೆ ಎಳೆದ್ಲು. ಮಾತಾಡೋಕೆ ಉಸಿರಿಲ್ಲ. ದೀಪದ ಕಡೆ ಬೆರಳು ತೋರಿಸಿ, 'ಬೇಡ ಕಣೋ... ಅಣ್ಣ ಬೈತಾನೆ' ಅಂದ್ಲು. ದೀಪ ಆರಿದ ಮೇಲೂ ದಿಬ್ಬ ಹತ್ತೋವರೆಗೂ ಕಾಲು ಬಿಡ್ಲಿಲ್ಲ ಅಣ್ಣ."

ಫ್ಯೂಸ್‌ನ ಕೈ ಕಾಲರ್‌ನಿಂದ ಜಾರಿತು. ತಮ್ಮ ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತೇ ಇದ್ದ.